ಎರಡು ಸಲ ಹೇಳಿದ್ದೆ

ನನ್ನ ನೆಗೇಣಿ ಗಂಗಕ್ಕನಿಗೆ ಮರೆವಿನ ರೋಗ ಇರಲಿಲ್ಲ. ಅದನ್ನು ಆಕೆಗೆ ಅಂಟಿಸಿದವಳು ನಾನು. ನಾಲ್ಕು ವರ್ಷದ ಹಿಂದೆ, ಹಡಗಿನ ಮೇಲೆ, ಹತ್ತಾರು ಜನರ ಮುಂದೆ ನಿಂತು ಒಂದು ಸುಳ್ಳು ಹೇಳಿ ಅಂಟಿಸಿದೆ. ಬಾಯಿ ತಪ್ಪಿ ಬಂದ ಸುಳ್ಳಲ್ಲ ಅದು, ಹೆದರಿ ಹೇಳಿದ್ದೂ ಅಲ್ಲ—ಹೆದರಿಕೆ ಇತ್ತು, ಇಲ್ಲ ಅನ್ನಲಾರೆ—ಆದರೆ ಅದಕ್ಕಿಂತ ಹೆಚ್ಚಾಗಿ ಸಿಟ್ಟಿತ್ತು. ಇಡೀ ದಿನ ಕುದ್ದು ಕುದ್ದು ತಳ ಹಿಡಿದ ಸಿಟ್ಟು.

ಗಂಗಕ್ಕ ನನ್ನ ಗಂಡನ ಅಣ್ಣನ ಹೆಂಡತಿ. ಅಣ್ಣತಮ್ಮಂದಿರಿಬ್ಬರೂ ನವಲಗುಂದದ ಕಡೆಯಿಂದ ದಾಂಡೇಲಿಗೆ ಬಂದು ಕಾಗದದ ಮಿಲ್ಲು ಸೇರಿದವರು. ಭಾವನವರು ಬೇಗ ತೀರಿಕೊಂಡರು. ಅಕ್ಕ ಅಳುತ್ತ ಕೂಡಲಿಲ್ಲ, ಮಿಲ್ಲಿನ ರಸ್ತೆಯಲ್ಲಿ ಒಂದು ಖಾನಾವಳಿ ತೆಗೆದಳು. ಜೋಳದ ರೊಟ್ಟಿ, ಝುಣಕ, ಮಡಕಿಕಾಳಿನ ಪಲ್ಯ. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ, ಆದರೆ ಯಾರಿಗೆ ಖಾರ ನಡೆಯುವುದಿಲ್ಲ, ಯಾರು ಸೋಮವಾರ ಒಪ್ಪತ್ತು, ಯಾವ ಡ್ರೈವರನ ಮಗಳಿಗೆ ಪರೀಕ್ಷೆ ನಡೆದಿದೆ—ಎಲ್ಲ ತಲೆಯಲ್ಲೇ ಇರುತ್ತಿತ್ತು. ಇಂಥ ತಲೆಯನ್ನು ನಾನು—ಇರಲಿ, ಒಂದೊಂದಾಗಿ ಹೇಳುತ್ತೇನೆ.

ನಾನು ಶಕುಂತಲಾ. ಮೂವತ್ತು ವರ್ಷ ಅಂಗನವಾಡಿ ಟೀಚರ್ ಆಗಿದ್ದವಳು. ಮಕ್ಕಳನ್ನು ಎಣಿಸಿ ಒಳಗೆ ಕರೆದುಕೊಳ್ಳುವುದು, ಎಣಿಸಿ ಹೊರಗೆ ಬಿಡುವುದು, ಇದೇ ನನ್ನ ಜನ್ಮದ ಕೆಲಸ. ಹತ್ತು ಗಂಟೆ ಅಂದರೆ ನನಗೆ ಹತ್ತು ಗಂಟೆ. ಗಂಗಕ್ಕನಿಗೆ ಹತ್ತು ಗಂಟೆ ಅಂದರೆ ಹೊರಡುವ ಮಾತು ತೆಗೆಯುವ ಹೊತ್ತು. ಆಕೆಯ ಜೊತೆ ಒಂದು ದಿನ ಕಳೆದು ನೋಡಿರಿ, ಆಮೇಲೆ ನನ್ನನ್ನು ಬಯ್ಯಿರಿ—ಅಲ್ಲ, ಇದು ನೆವ ಆಗುತ್ತದೆ. ನೆವ ಹೇಳಬಾರದು ಅಂತಲೇ ಬರೆಯಲು ಕೂತಿದ್ದೇನೆ, ಆದರೂ ನೋಡಿ, ನಾಲಿಗೆ ಆ ಕಡೆಗೇ ಹೊರಳುತ್ತದೆ.

ಆಕೆಯ ಮಗ ಮಂಜು ಜೋಯಿಡಾ ಕಡೆಯ ಒಂದು ರೆಸಾರ್ಟಿನಲ್ಲಿ ಮ್ಯಾನೇಜರ್. ಕಾಳಿ ನದಿಯಲ್ಲಿ ಬಂದವರನ್ನೆಲ್ಲ ದೋಣಿ ಹತ್ತಿಸಿ ಇಳಿಸುವುದು ಅವನ ಕೆಲಸ. ಒಂದು ದಿನ ಬಂದು, "ದಿನಾ ಮಂದೀನ ಪ್ರವಾಸ ಮಾಡಸ್ತೇನಿ, ನಮ್ಮವ್ವನ್ನ ಒಮ್ಮೆನೂ ಎಲ್ಲಿಗೂ ಕರಕೊಂಡು ಹೋಗಿಲ್ಲ. ಗೋವಾದಿಂದ ಲಕ್ಷದ್ವೀಪಕ್ಕ ಹಡಗ ಹೋಗತೈತಿ, ಹೋಗೂಣು" ಅಂದ. ಅಕ್ಕ ಏನೆಂದಳು ಗೊತ್ತೇ? "ಶಕ್ಕು ಬಂದ್ರ ಬರ್ತೇನಿ, ಇಲ್ಲಾಂದ್ರ ನಾ ಒಲ್ಲೆ." ನನ್ನ ಗಂಡನಿಗೆ ಮೊಣಕಾಲು ನೋವು, ಅವರು ಬರಲಿಲ್ಲ. ನಾನು ಹೋದೆ. ಸಮುದ್ರ ನೋಡುವ ಪುಣ್ಯ ನನಗೆ ಬಂದದ್ದು ಆಕೆಯಿಂದ. ಆಕೆ ಹಟ ಹಿಡಿಯದಿದ್ದರೆ ನನ್ನನ್ನು ಕೇಳುವವರು ಯಾರಿದ್ದರು?

ಹಡಗು ಹತ್ತಿದ ದಿನವೇ ನನ್ನ ಜೀವ ರೋಸಿಹೋಯಿತು. ಎಲ್ಲಿ ನೋಡಿದರೂ ಊಟ, ತಟ್ಟೆಗಟ್ಟಲೆ ಊಟ—ಈಕೆ ನಡುವೆ ಕೂತು ತನ್ನ ಬಟ್ಟೆಯ ಗಂಟು ಬಿಚ್ಚಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ ತೆಗೆಯುವುದು. ಪಕ್ಕದವರಿಗೆ "ತಗೋರಿ, ತಗೋರಿ, ಮನ್ಯಾಗ ಮಾಡಿದ್ದು" ಅನ್ನುವುದು. ಕೋಣೆ ಗುಡಿಸಲು ಬಂದ ಹುಡುಗಿಯನ್ನು ಕೂಡಿಸಿ ಆಕೆಯ ತಾಯಿಯ ಸಂಧಿವಾತದ ಕಥೆ ಕೇಳುವುದು. ಆ ಹುಡುಗಿಗೆ ಕನ್ನಡ ಬಾರದು, ಈಕೆಗೆ ಹಿಂದಿ ಬಾರದು, ಆದರೂ ಇಬ್ಬರೂ ಕಣ್ಣೊರೆಸಿಕೊಂಡರು. ಏನು ಹೆಂಗಸವ್ವಾ ಈಕೆ, ಅನ್ನಿಸಿತು. ನನಗೆ ಹಿಂದಿ ಬರುತ್ತದೆ, ಇಂಗ್ಲಿಷ್ ಓದಲು ಬರುತ್ತದೆ, ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದೆ. ಆದರೆ ಎರಡನೆಯ ದಿನಕ್ಕೆ ಎಲ್ಲರೂ ಕೇಳುತ್ತಿದ್ದದ್ದು ಆಕೆಯನ್ನೇ. ನನ್ನನ್ನು ನೋಡಿದರೆ "ಚಟ್ನಿಯವರ ಜೊತೆ ಬಂದವರು" ಅನ್ನುತ್ತಿದ್ದರು. ದಾಂಡೇಲಿಯಲ್ಲಿ ಮೂವತ್ತೈದು ವರ್ಷ ಗಂಗವ್ವನ ನೆಗೇಣಿಯಾಗಿದ್ದೆ, ಸಮುದ್ರಕ್ಕೆ ಬಂದರೂ ಅದೇ ಆಯಿತು. ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಹೆಸರು ಹುಡುಕುವುದಿಲ್ಲ.

ನಡುಗಡ್ಡೆಗೆ ಇಳಿಸುವ ದಿನ ಬಂತು. ದೊಡ್ಡ ಹಡಗು ದೂರದಲ್ಲೇ ನಿಲ್ಲುತ್ತದೆ, ಸಣ್ಣ ದೋಣಿಗಳಲ್ಲಿ ನಮ್ಮನ್ನು ದಂಡೆಗೆ ಒಯ್ಯುತ್ತಾರೆ. ಬೆಳಿಗ್ಗೆ ಒಂಬತ್ತಕ್ಕೆ ಇಳಿಯುವುದು, ಸಂಜೆ ನಾಲ್ಕರೊಳಗೆ ವಾಪಸು ಹತ್ತುವುದು. ಮಂಜು ಮುಂಚೆಯೇ ಬೇರೆ ಗುಂಪಿನ ಜೊತೆ ನೀರಿನೊಳಗೆ ಮುಳುಗಿ ಮೀನು ನೋಡಲು ಹೋದ. ಅವರು ಮಧ್ಯಾಹ್ನವೇ ಹಡಗಿಗೆ ಮರಳುವವರು. "ಕಾಕು, ಅವ್ವನ ಮ್ಯಾಲ ಒಂದ ಕಣ್ಣಿಡ್ರಿ" ಅಂದ. ಅಕ್ಕನಿಗೆ ದೋಣಿಯ ತೇಲುವ ಜಾಕೀಟು ತೊಡಿಸಲು ಇಪ್ಪತ್ತು ನಿಮಿಷ ಹಿಡಿಯಿತು. ಸೆರಗು ಒಳಗೋ ಹೊರಗೋ ಅಂತ ಆಕೆಗೂ ಸಿಬ್ಬಂದಿಯವನಿಗೂ ದೊಡ್ಡ ಚರ್ಚೆ. ಹಿಂದೆ ಸಾಲಿನಲ್ಲಿ ನಿಂತವರು ನನ್ನ ಮುಖ ನೋಡುತ್ತಿದ್ದರು, ಆಕೆಯದನ್ನಲ್ಲ.

ದಂಡೆಗೆ ಇಳಿದೆವು. ಅಂಥ ನೀರನ್ನು ನಾನು ನೋಡಿರಲಿಲ್ಲ. ಕಾಳಿಯ ನೀರು ಕಪ್ಪು, ಕಾಡಿನ ನೆರಳು ಹೊತ್ತುಕೊಂಡೇ ಹರಿಯುತ್ತದೆ. ಇಲ್ಲಿ ನಡುಮಟ್ಟ ನೀರಿನಲ್ಲಿ ನಿಂತವರ ಕಾಲ ಕೆಳಗಿನ ಮರಳು, ಹೆಬ್ಬೆರಳಿನ ಉಗುರು ಸಹ ಕಾಣುತ್ತಿತ್ತು. ನನ್ನ ಆಸೆ ದೊಡ್ಡದೇನಿರಲಿಲ್ಲ. ಒಂದು ತಾಸು ನೀರಿನಲ್ಲಿ ಕಾಲು ಬಿಟ್ಟು ಸುಮ್ಮನೆ ಕೂಡಬೇಕು, ಯಾರೂ ಟೀಚರ್ ಅನ್ನಬಾರದು, ಯಾರ ಮೂಗೂ ಒರೆಸಬಾರದು, ಯಾರನ್ನೂ ಹುಡುಕಬಾರದು. ಆಮೇಲೆ ತಳದಲ್ಲಿ ಗಾಜು ಕೂಡಿಸಿದ ದೋಣಿಯಲ್ಲಿ ಕೂತು ಹವಳ ನೋಡಬೇಕು. ಹನ್ನೊಂದಕ್ಕೆ ನಮ್ಮ ಸರದಿ ಇತ್ತು.

ಹನ್ನೊಂದಕ್ಕೆ ಗಂಗಕ್ಕ ಇಲ್ಲ! ಅಲ್ಲಿ ನೋಡಿದೆ, ಇಲ್ಲಿ ನೋಡಿದೆ, ಬಿಸಿಲಿನಲ್ಲಿ ಆ ಮರಳಿನಲ್ಲಿ ಓಡಾಡಿ ಕೂಗಿ ಗಂಟಲು ಒಣಗಿತು. ಕೊನೆಗೆ ಸಿಕ್ಕಳು. ಎಲ್ಲಿ? ನಮ್ಮ ಊಟಕ್ಕೆ ಅಡಿಗೆ ಮಾಡುವ ಚಪ್ಪರದ ಹಿಂದೆ. ಆ ಊರಿನ ಹೆಂಗಸೊಬ್ಬಳು ತೆಂಗಿನಕಾಯಿ ತುರಿಯುತ್ತಿದ್ದಳು, ಈಕೆ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಈಳಿಗೆ ಹೆಂಗ ಹಿಡಿಯಬೇಕು ಅಂತ ಅವಳಿಗೇ ಕಲಿಸುತ್ತಿದ್ದಳು. ನಾವು ದೋಣಿಯ ಕಡೆ ಬರುವಷ್ಟರಲ್ಲಿ ದೋಣಿ ಹೋಗಿತ್ತು. ಮುಂದಿನ ಸರದಿಯಲ್ಲಿ ಜಾಗ ಇಲ್ಲ ಅಂದರು. "ಹೋಗ್ಲಿ ಬಿಡ ಶಕ್ಕು, ಗಾಜಿನಾಗ ನೋಡೂದೇನು, ನೀರ ಇಲ್ಲೇ ಐತೆಲ್ಲ" ಅಂದಳು ಅಕ್ಕ. ನಾನು ಮಾತಾಡಲಿಲ್ಲ. ಮಾತಾಡಿದ್ದರೆ ಅಲ್ಲಿಗೇ ತೀರುತ್ತಿತ್ತೋ ಏನೋ. ಬಯ್ದು ಹಗುರಾಗುವ ಬುದ್ಧಿ ನನಗಿಲ್ಲ.

ಊಟಕ್ಕೆ ಕೂತರೆ ಈಕೆ ಸೌಟು ಹಿಡಿದು ಬಡಿಸಲು ನಿಂತುಬಿಟ್ಟಳು. ಖಾನಾವಳಿಯ ಚಾಳಿ. ಬಂದವರೆಲ್ಲ ನಗುತ್ತ ತಟ್ಟೆ ಒಡ್ಡಿದರು, ಇನ್ನಷ್ಟು ಹಾಕಿ ಅಂದರು. ಊರಿಗೆ ಉಪಕಾರಿ, ಮನೆಗೆ ಮಾರಿ—ನಾನು ಒಬ್ಬಳೇ ತಿಂದೆದ್ದೆ.

ಊಟವಾದ ಮೇಲೆ ಒಂದು ತೆಂಗಿನ ಬುಡದಲ್ಲಿ ಕೂತೆವು. ಈಗಲಾದರೂ ಕಾಲು ಬಿಡೋಣ ಅಂತ ಚಪ್ಪಲಿ ಕಳಚಿದ್ದೆ. ಅಷ್ಟರಲ್ಲಿ ಆ ತೆಂಗಿನಕಾಯಿಯ ಹೆಂಗಸು ಬಂದು ಕೈಸನ್ನೆ ಮಾಡಿ ಕರೆದಳು. ಅಕ್ಕನ ಮುಖ ಅರಳಿತು. "ಶಕ್ಕು, ಇವರ ಹಿತ್ತಲದಾಗ ಸಿಹಿನೀರಿನ ಬಾವಿ ಐತಂತ! ಸಮುದ್ರದ ನಡಕ ಸಿಹಿನೀರು! ನೋಡಿ ಬರೂಣು ಬಾ." ನಾನು ಒಲ್ಲೆ ಅಂದೆ. ಆಕೆ ತನ್ನ ಚೀಲವನ್ನು ನನ್ನ ಕಾಲ ಬಳಿ ಇಟ್ಟು, "ಹಂಗಾರ ನೀ ಇಲ್ಲೇ ಇರು, ಈಗ ಬರ್ತೇನಿ" ಅಂದಳು.

"ಹೂಂ" ಅಂದೆ ನಾನು.

ಆ ಹೂಂ—ನಮ್ಮ ಕಡೆ ಅದು ಸಣ್ಣ ಮಾತಲ್ಲ. ಕಾಗದ ಬರೆದುಕೊಟ್ಟ ಹಾಗೆ. ಒಬ್ಬರು "ಇಲ್ಲೇ ಇರು" ಅಂದು, ಇನ್ನೊಬ್ಬರು ಹೂಂ ಅಂದರೆ ಮುಗಿಯಿತು, ಭೂಮಿ ನಡುಗಿದರೂ ಅಲ್ಲೇ ಇರಬೇಕು.

ಹತ್ತು ನಿಮಿಷ ಆಗಿರಬೇಕು, ಗಾಳಿ ಬೀಸತೊಡಗಿತು. ಹಡಗಿನವನೊಬ್ಬ ಕೈಯಲ್ಲಿ ಧ್ವನಿವರ್ಧಕ ಹಿಡಿದು ದಂಡೆಗುಂಟ ಬಂದ. ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ, ಮತ್ತೆ ಹಿಂದಿಯಲ್ಲಿ ಕೂಗಿದ—ತೆರೆ ಏಳುತ್ತಿವೆ, ನಾಲ್ಕರ ತನಕ ಕಾಯಲಾಗುವುದಿಲ್ಲ, ಎಲ್ಲರೂ ಈಗಲೇ ದೋಣಿ ಹತ್ತುವ ಕಟ್ಟೆಯ ಕಡೆ ಬನ್ನಿ, ಎರಡಕ್ಕೆ ಕೊನೆಯ ದೋಣಿ. ನನಗೆ ಪ್ರತಿಯೊಂದು ಅಕ್ಷರ ತಿಳಿಯಿತು. ಗಂಗಕ್ಕನಿಗೆ ಅದು ಕೇಳಿಸಿದ್ದರೂ ತಿಳಿಯುವಂತಿರಲಿಲ್ಲ. ಅದೂ ನನಗೆ ಗೊತ್ತಿತ್ತು.

ಆ ಮನೆ ಕಾಣುತ್ತಿತ್ತು. ತೆಂಗಿನ ಸಾಲಿನ ಆಚೆ, ನೀಲಿ ಬಾಗಿಲು. ಐದು ನಿಮಿಷದ ಹಾದಿ ಇದ್ದೀತು. ಎದ್ದೆ. ಚಪ್ಪಲಿ ಮೆಟ್ಟಿದೆ. ಎರಡು ಹೆಜ್ಜೆ ಆ ಕಡೆಗೇ ಹಾಕಿದೆ—ಇದನ್ನು ಹೇಳಿಕೊಳ್ಳಲೇಬೇಕು, ಎರಡು ಹೆಜ್ಜೆ ಹಾಕಿದೆ. ಆಮೇಲೆ ನಿಂತೆ. "ಪ್ರತೀ ಸಲ ನಾನೇ ಯಾಕ ಹುಡುಕಬೇಕು?" ಗಟ್ಟಿಯಾಗಿಯೇ ಅಂದೆ, ಪಕ್ಕದಲ್ಲಿದ್ದವರು ತಿರುಗಿ ನೋಡಿದರು. ಒಮ್ಮೆ ತಾನೇ ಓಡಾಡಲಿ. ಒಮ್ಮೆ ತಾನೇ ಹುಡುಕಲಿ. ಹೇಗಿರುತ್ತದೆ ಅಂತ ಗೊತ್ತಾಗಲಿ. ನನ್ನ ಚೀಲ, ಆಕೆಯ ಚೀಲ, ಎರಡೂ ತೆಗೆದುಕೊಂಡು ಕಟ್ಟೆಯ ಕಡೆ ನಡೆದೆ.

ಕಟ್ಟೆಯಲ್ಲಿ ಕಾರ್ಡು ನೋಡುವ ಹುಡುಗಿ ಎರಡು ಚೀಲ ಕಂಡು, ಜೊತೆಗೆ ಯಾರಾದರೂ ಇದ್ದಾರೆಯೇ ಅಂತ ಹಿಂದಿಯಲ್ಲಿ ಕೇಳಿದಳು. "ಹಿಂದೆ ಬರುತ್ತಿದ್ದಾರೆ" ಅಂದೆ. ಅದೂ ಪೂರ್ತಿ ಸುಳ್ಳಲ್ಲ ನೋಡಿ, ಎಂದಾದರೂ ಬರುವವಳೇ ಅಲ್ಲವೇ! ಹೀಗೆ ಅಂಚಿನ ಮೇಲೆ ನಡೆಯುವುದರಲ್ಲಿ ನಾನು ಜಾಣೆ.

ಇನ್ನೊಂದು ಹೇಳಬೇಕು, ಹೇಳಲು ನಾಚಿಕೆಯಾಗುತ್ತದೆ. ಆ ದೋಣಿಯಲ್ಲಿ ಕೂತು ಹಡಗಿನ ಕಡೆ ಹೋದ ಹತ್ತು ನಿಮಿಷವೇ ಇಡೀ ಪ್ರವಾಸದಲ್ಲಿ ನನಗೆ ಸುಖವೆನಿಸಿದ ಹೊತ್ತು. ಮುಖಕ್ಕೆ ಉಪ್ಪುನೀರು ಸಿಡಿಯುತ್ತಿತ್ತು, ಪಕ್ಕದಲ್ಲಿ ಮಾತಾಡುವವರಿರಲಿಲ್ಲ. ಹಡಗು ಹತ್ತಿ ಚಹಾ ತೆಗೆದುಕೊಂಡು ಕಿಟಕಿಯ ಬಳಿ ಕೂತು ಕುಡಿದೆ. ಆಕೆ ಮುಂದಿನ ದೋಣಿಗೆ ಬರುತ್ತಾಳೆ, ಏದುಸಿರು ಬಿಡುತ್ತ ಬರುತ್ತಾಳೆ, ಬಂದಮೇಲೆ ಒಂದು ಮಾತು ಅನ್ನಬೇಕು ಅಂತ ಮಾತು ಸಹ ಜೋಡಿಸಿಟ್ಟುಕೊಂಡೆ.

ಮುಂದಿನ ದೋಣಿಯಲ್ಲಿ ಆಕೆ ಬರಲಿಲ್ಲ. ಅದರ ನಂತರದ್ದರಲ್ಲೂ ಇಲ್ಲ. ಆಮೇಲೆ ತೆರೆ ಜೋರಾಗಿ ದೋಣಿಗಳೇ ನಿಂತವು.

ಮಂಜು ಹುಡುಕಿಕೊಂಡು ಬಂದ. "ಕಾಕು, ಅವ್ವ ಎಲ್ಲಿ?"

ಚಹಾದ ಕಪ್ಪು ಇನ್ನೂ ನನ್ನ ಕೈಯಲ್ಲಿತ್ತು. "ಬರ್ತೇನಿ ಅಂತ ಹೇಳಿ ಹ್ವಾದ್ಲು ಮಂಜು. ನಾ, ದೋಣಿಗೆ ಹ್ವಾದ್ಲು ಅಂತ ತಿಳಕೊಂಡೆ" ಅಂದೆ.

ಇದು ಕನ್ನಡದಲ್ಲಿ ಮಾತ್ರ ನಡೆಯುವ ಸುಳ್ಳು ಇರಬೇಕು. ನಮ್ಮಲ್ಲಿ ಮನೆ ಬಿಟ್ಟು ಹೋಗುವವರು "ಹೋಗ್ತೇನಿ" ಅನ್ನುವುದಿಲ್ಲ, ಅಪಶಕುನ. ಹೋಗುವವರೂ ಬರ್ತೇನಿ, ಬರುವವರೂ ಬರ್ತೇನಿ. ಆಕೆಯ ಬಾಯಿಂದ ಬಂದ ಶಬ್ದವನ್ನೇ ನಾನು ಹೇಳಿದೆ, ಒಂದಕ್ಷರ ಸೇರಿಸಲಿಲ್ಲ. "ಇಲ್ಲೇ ಇರು" ಅನ್ನುವ ಎರಡು ಶಬ್ದವನ್ನು ನುಂಗಿದೆ ಅಷ್ಟೇ. ಮಂಜು ನಂಬಿದ. ಯಾಕೆ ನಂಬಬಾರದು, ಕಾಕು ಹೇಳಿದ್ದು. ಅವನು ಕಪ್ತಾನನ ಕಡೆಯವರನ್ನು ಹುಡುಕಿ ಓಡಿದ.

ಎರಡು ತಾಸು. ಹಡಗಿನ ತುಂಬ ಆಕೆಯ ಹೆಸರು ಕೂಗಿದರು—ಗಂಗಾವಾ, ಗಂಗಾವಾ ಅಂತ, ಏನೇನೋ ಉಚ್ಚಾರ. ಆಗಲಾದರೂ ಹೇಳಬಹುದಿತ್ತು—ನೀಲಿ ಬಾಗಿಲಿನ ಮನೆ, ಬಾವಿ, ಇಲ್ಲೇ ಇರು ಅಂದಿದ್ದಳು. ಹೇಳಲಿಲ್ಲ. ದಂಡೆಯಿಂದ ಸುದ್ದಿ ಬಂತು, ಹೆಂಗಸು ಸುರಕ್ಷಿತವಾಗಿದ್ದಾಳೆ, ಗಾಳಿ ಇಳಿದ ಮೇಲೆ ಕಳಿಸುತ್ತಾರೆ ಅಂತ. ಜೀವ ಬಂತು. ಜೀವ ಬಂದ ಕೂಡಲೇ ಸಿಟ್ಟೂ ಬಂತು, ಏನು ಹೇಳಲಿ! ನೋಡು, ಇಷ್ಟು ಜನರನ್ನು ಹೆದರಿಸಿದಳು, ಅಂತ.

ಐದರ ಸುಮಾರಿಗೆ ಆಕೆಯೊಬ್ಬಳನ್ನೇ ಕೂಡಿಸಿಕೊಂಡು ಒಂದು ದೋಣಿ ಬಂತು. ಸೀರೆ ಮೊಣಕಾಲಿನ ತನಕ ತೊಯ್ದಿತ್ತು, ತಲೆಗೂದಲು ಬಿಚ್ಚಿತ್ತು. ಮೇಲೆ ನಿಂತ ಕೆಲವರು ಚಪ್ಪಾಳೆ ತಟ್ಟಿದರು—ಮೆಚ್ಚಿ ಅಲ್ಲ. ಅವಳ ಕೈಯ ಚಟ್ನಿ ತಿಂದವರೂ ಅದರಲ್ಲಿದ್ದರು. ಆಕೆ ಯಾರನ್ನೂ ನೋಡಲಿಲ್ಲ. ಮಗನನ್ನು ಸಹ ನೋಡಲಿಲ್ಲ. ನನ್ನನ್ನು ಕಂಡು ಓಡಿ ಬಂದು ಎರಡೂ ತೋಳು ಹಿಡಿದಳು.

"ಅಯ್ಯ ನನ್ನವ್ವ, ಇಲ್ಲೇ ಅದಿ ಏನ! ತಿರುಗಿ ಬಂದು ನೋಡ್ತೇನಿ, ಗಿಡದ ಬುಡಕ ನೀ ಇಲ್ಲ. ಇಲ್ಲೇ ಇರ್ತೇನಿ ಅಂದಾಕಿ ಎಲ್ಲಿ ಹೋಗ್ತಿ? ಸಮುದ್ರ ಎಳಕೊಂಡು ಹೋತೇನೋ ಅಂತ ದಂಡಿ ತುಂಬ ಹುಡುಕಿದೆ. ದೋಣಿ ಹತ್ತು ಹತ್ತು ಅಂತಾರ ಅವರು, ಶಕ್ಕುನ ಬಿಟ್ಟು ಹೆಂಗ ಹತ್ಲಿ ನಾ?"

ತಿಳಿಯಿತಲ್ಲ? ಕೊನೆಯ ದೋಣಿ ಇದ್ದಾಗಲೇ ಆಕೆ ಬಂದಿದ್ದಳು. ಹತ್ತಲಿಲ್ಲ. ನನ್ನನ್ನು ಹುಡುಕುತ್ತಿದ್ದಳು.

ಹಡಗಿನ ಅಧಿಕಾರಿಯೊಬ್ಬ ಬಿಗುವಾಗಿ ನಿಂತಿದ್ದ. ವೇಳೆ ಬದಲಾದದ್ದನ್ನು ಕೂಗಿ ಹೇಳಿದ್ದೆವು ಅಂದ. ಮಂಜುವಿನ ಮುಖ ಕೆಂಪಾಗಿತ್ತು, ಸುತ್ತ ನಿಂತವರ ಕಣ್ಣೆಲ್ಲ ಅವನ ಮೇಲೆ. "ಅವ್ವಾ, ಟೈಮ್ ಬದಲಾಗಿದ್ದು ನಿನಗ ಗೊತ್ತಿರಲಿಲ್ಲೇನ? ಕಾಕು ಹೇಳಲಿಲ್ಲೇನ?"

ಅಕ್ಕ ನನ್ನನ್ನು ನೋಡಿದಳು. ದೂರುವ ನೋಟ ಅಲ್ಲ, ಸುಮ್ಮನೆ, ನೀನೇ ಹೇಳು ಅನ್ನುವ ಹಾಗೆ. ನಾನು ಹೇಳಿದೆ.

"ಹೇಳಿದ್ದೆ. ಎರಡ ಸಲ ಹೇಳಿದ್ದೆ. ನಾ ಕಟ್ಟಿ ಕಡೆ ಹೋಗಿರ್ತೇನಿ, ಅಲ್ಲೇ ಬಾ ಅಂತನೂ ಹೇಳಿದ್ದೆ. ಅಕ್ಕಗ ಈಗೀಗ ನೆನಪ ಇರೂದಿಲ್ಲ ಮಂಜು." ಚಹಾದ ಹೊತ್ತಿನಲ್ಲಿ ಹೇಳಿದ್ದಕ್ಕೂ ಇದಕ್ಕೂ ತಾಳೆಯಿರಲಿಲ್ಲ, ಆ ಗದ್ದಲದಲ್ಲಿ ಯಾರೂ ಅದನ್ನು ಗಮನಿಸಲಿಲ್ಲ.

"ಹೇಳಿದ್ದಿ ಏನ ಶಕ್ಕು?" ಅಂದಳು ಆಕೆ, ಸಣ್ಣ ದನಿಯಲ್ಲಿ.

"ಹೇಳಿದ್ದೆ ಅಕ್ಕಾ."

ಆಕೆಯ ಮುಖದ ಮೇಲೆ ಹುಡುಕಾಟ ಕಾಣುತ್ತಿತ್ತು, ಒಳಗೆಲ್ಲೋ ಆ ಮಾತು ಬಿದ್ದಿದೆಯೇನೋ ಅಂತ ತಡಕಾಡುವ ಹಾಗೆ. ಆಮೇಲೆ ಅಧಿಕಾರಿಗೂ ಸುತ್ತಲಿನವರಿಗೂ ಕೈ ಮುಗಿದಳು. "ತಪ್ಪಾತ್ರೀ. ಮುದುಕಿ ತಲಿ, ಎಲ್ಲಿ ಹೋಗಿತ್ತೋ ಏನೋ." ನನಗೂ ಕೈ ಮುಗಿದಳು. ನನಗೂ!

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಊರಿಗೆ ಬಂದ ಮೇಲೆ ಸರಿ ಮಾಡೋಣ ಅಂದುಕೊಂಡೆ. ಆದರೆ ಆ ಮಾತು ನಮಗಿಂತ ಮೊದಲೇ ದಾಂಡೇಲಿ ಮುಟ್ಟಿತ್ತು. ಆಮೇಲೆ ಆಕೆ ಮಾಡಿದ್ದೆಲ್ಲ ಮರೆವೇ ಆಯಿತು. ಬೀಗದ ಕೈ ಎಲ್ಲೋ ಇಟ್ಟರೆ ಮರೆವು, ಒಂದು ಹೆಸರು ತಡವಾಗಿ ನೆನಪಾದರೆ ಮರೆವು. ನನಗೇ ದಿನಕ್ಕೆ ನಾಲ್ಕು ಸಲ ಕನ್ನಡಕ ಕಳೆಯುತ್ತದೆ, ಅದನ್ನು ಯಾರೂ ಎಣಿಸುವುದಿಲ್ಲ. ಮಂಜು ಧಾರವಾಡಕ್ಕೆ ಕರೆದೊಯ್ದ. ಡಾಕ್ಟರು ನೂರರಲ್ಲಿ ಏಳು ಕಳೆಯಿರಿ, ಅದರಲ್ಲಿ ಮತ್ತೆ ಏಳು ಕಳೆಯಿರಿ ಅಂದರಂತೆ. ರೊಟ್ಟಿ ಎಣಿಸಲು ಹೇಳಿದ್ದರೆ ಸಾವಿರದ ತನಕ ಎಣಿಸುತ್ತಿದ್ದಳು. ಅಂಜಿ ತೊದಲಿದಳು. ಮರೆವು ಶುರುವಾಗಿರಬಹುದು, ಒಬ್ಬರನ್ನೇ ಬಿಡಬೇಡಿ ಅಂದರು. ಇತ್ತೀಚೆಗೆ ಏನಾದರೂ ಮರೆತದ್ದುಂಟೇ ಅಂತ ಅವರು ಕೇಳಿದಾಗ ಮಂಜು ಹೇಳಿದ್ದು ಯಾವುದನ್ನು ಅಂತ ನಿಮಗೆ ಗೊತ್ತೇ ಇದೆ.

ಖಾನಾವಳಿ ಮುಚ್ಚಿತು. ಗ್ಯಾಸಿನ ಹತ್ತಿರ ಬಿಡಬಾರದು ಅಂತ. ಹಳಿಯಾಳದ ಸಂತೆಗೆ ಒಬ್ಬಳೇ ಬಸ್ಸಿನಲ್ಲಿ ಹೋಗಿ ಜೋಳ ಆರಿಸಿ ತರುತ್ತಿದ್ದಳು, ಅದು ನಿಂತಿತು. ಕುಪ್ಪಸದೊಳಗಿನ ಸಂಚಿಯಲ್ಲಿ ಮಗನ ಹೆಸರು, ಫೋನ್ ನಂಬರು ಬರೆದ ಚೀಟಿ ಇಟ್ಟರು. ಆ ಚೀಟಿ ಬರೆದುಕೊಟ್ಟವಳು ನಾನು, ನನ್ನ ಅಕ್ಷರ ದುಂಡಗಿದೆ ಅಂತ.

ಒಬ್ಬಳೇ ಒಬ್ಬಳು ನಂಬಲಿಲ್ಲ. ಲೂಸಿಯಾ. ಹಳಿಯಾಳ ತಾಲ್ಲೂಕಿನ ಒಂದು ಹಳ್ಳಿಯ ಸಿದ್ದಿ ಹೆಂಗಸು, ಹದಿನೆಂಟು ವರ್ಷ ಅಕ್ಕನ ಎದುರಿಗೆ ಕೂತು ರೊಟ್ಟಿ ಬಡಿದವಳು. ಖಾನಾವಳಿಯ ಕೊನೆಯ ದಿನ ಹಂಚು ತೊಳೆಯುತ್ತ ನನ್ನನ್ನು ಕೇಳಿದಳು. "ಅಕ್ಕೋರ, ಗಂಗಕ್ಕಗ ಮರೆವು ಅಂತೀರಿ. ಹದಿನೆಂಟ ವರ್ಷದಾಗ ಒಮ್ಮೆ ಉಪ್ಪು ಎರಡ ಸಲ ಹಾಕಿಲ್ಲ ಆಕಿ. ನೀವು ಖರೇನ ಹೇಳಿದ್ರೇನು?" ನಾನು ಸಿಡುಕಿದೆ. ನಾನೇನು ಸುಳ್ಳು ಹೇಳುತ್ತೇನೆಯೇ ಅಂದೆ. ಅವಳು ಹಂಚನ್ನು ಬೋರಲು ಹಾಕಿದಳು. ಈಗ ಯಾವುದೋ ರೆಸಾರ್ಟಿನಲ್ಲಿ ಹಾಸಿಗೆ ಬಟ್ಟೆ ಒಗೆಯುತ್ತಾಳಂತೆ.

ಯಾಕೆ ಹೇಳಲಿಲ್ಲ ಇಷ್ಟು ವರ್ಷ? ಮೊದಲು ನಾಚಿಕೆ. ಆಮೇಲೆ—ಹೇಳಿಬಿಡುತ್ತೇನೆ—ನನಗೆ ಅದರಲ್ಲಿ ರುಚಿ ಹತ್ತಿತ್ತು. ಮಂಜು ಪ್ರತಿಯೊಂದಕ್ಕೂ ನನಗೆ ಫೋನ್ ಮಾಡುತ್ತಿದ್ದ. ಕಾಕು, ಅವ್ವಗ ಏನ ಮಾಡೂಣು? ಕಾಕು, ನೀವಂದ್ರ ಕೇಳ್ತಾಳ. ಮದುವೆ ಮುಂಜಿಯಲ್ಲಿ ಜನ "ಗಂಗವ್ವನ್ನ ಎಷ್ಟ ಛಲೋ ನೋಡಕೋತೀರಿ" ಅನ್ನುತ್ತಿದ್ದರು. ಮೂವತ್ತೈದು ವರ್ಷ ಆಕೆಯ ನೆರಳಿನಲ್ಲಿದ್ದವಳು ಮುಂದೆ ಬಂದು ಕೂತಿದ್ದೆ. ಆ ಜಾಗ ಬಿಟ್ಟುಕೊಡಲು ಮನಸ್ಸಿರಲಿಲ್ಲ.

ಆಕೆ ಮಾತ್ರ ಕರಗುತ್ತ ಹೋದಳು. ಎಲ್ಲರಿಗೂ ನಿಮ್ಮೂರು ಯಾವುದು ಅಂತ ಕೇಳುತ್ತಿದ್ದವಳು ಈಗ ಬಾಯಿ ತೆರೆಯಲು ಹೆದರುತ್ತಾಳೆ, ಒಮ್ಮೆ ಕೇಳಿದ್ದನ್ನೇ ಮತ್ತೆ ಕೇಳಿಬಿಟ್ಟೆನೇನೋ ಅಂತ. ಮಂಚದ ಮೇಲೆ ಕೂತು, "ಗ್ಯಾಸ್ ಬಂದ್ ಮಾಡೇನೇನು?" ಅನ್ನುತ್ತಾಳೆ. ಗ್ಯಾಸಿನ ಹತ್ತಿರ ಹೋಗದೆ ವರ್ಷಗಳೇ ಆದವು. ಈಗ ನಿಜವಾಗಿಯೇ ಮರೆವು ಬಂದಿದೆಯೋ, ಅಥವಾ ತನ್ನ ತಲೆಯ ಮೇಲಿನ ನಂಬಿಕೆಯೊಂದೇ ಹೋಗಿದೆಯೋ, ನನಗೆ ತಿಳಿಯದು. ಆ ದಿನ ಇರಲಿಲ್ಲ, ಅಷ್ಟು ಮಾತ್ರ ಗೊತ್ತು.

ಹೋದ ವಾರ ಮಂಜು ಬಂದು ಹೇಳಿದ. ಹುಬ್ಬಳ್ಳಿಯ ಕಡೆ ಮರೆವಿನವರನ್ನು ಇಟ್ಟುಕೊಂಡು ನೋಡಿಕೊಳ್ಳುವ ಜಾಗ ಒಂದಿದೆ, ಅರ್ಜಿ ತುಂಬಿದ್ದೇನೆ, ಬರುವ ಸೋಮವಾರ ಕರೆದುಕೊಂಡು ಹೋಗುತ್ತೇನೆ, ನೀವೂ ಬಂದರೆ ಆಕೆ ಹಟ ಮಾಡುವುದಿಲ್ಲ ಕಾಕು. ಅವನು ಕೆಟ್ಟ ಮಗನಲ್ಲ. ಹೇಳುವಾಗ ಕಣ್ಣಲ್ಲಿ ನೀರಿತ್ತು. ಈ ಸಲ ನಾನು ಹೂಂ ಅನ್ನಲಿಲ್ಲ.

ನಿನ್ನೆ ಬೆಳಿಗ್ಗೆ ಅಕ್ಕನ ಮನೆಗೆ ಹೋದೆ. ನಾನಿದ್ದೇನೆ ಅಂತ ಮಂಜು ಕೆಲಸಕ್ಕೆ ಹೋದ, ಉಳಿದವರು ನಾವಿಬ್ಬರೇ. ಆಕೆ ಬಿಸಿಲಿಗೆ ಕಾಲು ಚಾಚಿ ಕೂತಿದ್ದಳು. ಎದುರಿಗೆ ಕೂತು ಎಲ್ಲ ಹೇಳಿದೆ. ನೀ ಇಲ್ಲೇ ಇರು ಅಂದಿದ್ದಿ, ನಾ ಹೂಂ ಅಂದಿದ್ದೆ, ಸಿಟ್ಟಿಗೆ ಬಿಟ್ಟು ಬಂದೆ, ನಿನಗೆ ಯಾರೂ ಏನೂ ಹೇಳಿರಲಿಲ್ಲ, ನಿನ್ನ ತಲೆ ನೆಟ್ಟಗಿತ್ತು, ಸುಳ್ಳು ಹೇಳಿದವಳು ನಾನು—ಒಂದೂ ಬಿಡದೆ ಹೇಳಿದೆ. ಬಯ್ಯಲಿ ಅಂತ ಕಾದೆ.

ಆಕೆ ನಕ್ಕಳು. ನನ್ನ ಕೈ ಮೇಲೆ ಕೈ ಇಟ್ಟಳು. "ಇಲ್ಲ ಶಕ್ಕು. ನೀ ಹೇಳಿದ್ದಿ. ನನಗ ಚಂದಾಗಿ ನೆನಪೈತಿ. ಸೆರಗ ಹಿಡದು ಜಗ್ಗಿ, ಎರಡ ಗಂಟೆಕ್ಕ ದೋಣಿ ಐತಿ ಅಕ್ಕಾ, ಮರೀಬ್ಯಾಡ ಅಂದಿ. ಆಗ ನೀ ಬೆವತಿದ್ದಿ. ನಾನ ಮರತೆ."

"ನಾ ಸೆರಗ ಹಿಡದಿಲ್ಲ! ಹೇಳಿಲ್ಲ! ಏನೂ ಹೇಳಿಲ್ಲ ಅಕ್ಕಾ ನಾ ನಿನಗ!" ಅಂದೆ.

"ನನ್ನ ದವಾಖಾನಿಗೆ ಕಳಿಸ್ತಾರಂತ ನಿನಗ ಕೆಡಕ ಅನಸೇತಿ. ನನ್ನ ಸಲುವಾಗಿ ತಪ್ಪು ನಿನ್ನ ಮ್ಯಾಲ ಎಳಕೋಬ್ಯಾಡ ತಂಗಿ. ನೀ ಮೊದಲಿಂದನೂ ಹಂಗ."

ನನಗೆ ಸಿಟ್ಟು ಬಂತು. ಹೌದು, ನಿನ್ನೆಯೂ ಬಂತು, ಆಕೆಯ ಮೇಲೆಯೇ ಬಂತು. ಎದ್ದು ನಿಂತು ಕೂಗಾಡಿದೆ—ಯಾಕ ನಂಬೂದಿಲ್ಲ ನೀ, ಸುಳ್ಳ ಹೇಳಿದಾಗ ಒಂದ ಮಾತಿಗೆ ನಂಬಿದಿಯಲ್ಲ, ಖರೇ ಹೇಳಿದ್ರ ಯಾಕ ನಂಬೂದಿಲ್ಲ! ಆಕೆ ಹೆದರಿ ಗೋಡೆಗೆ ಸರಿದಳು. ಆಮೇಲೆ ಮೆಲ್ಲಗೆ, ನನ್ನನ್ನು ಸಮಾಧಾನ ಮಾಡಲು, "ಆತ ಬಿಡು, ನೀ ಹೇಳಿಲ್ಲ. ಅಳಬ್ಯಾಡ" ಅಂದಳು. ನಂಬಿ ಅಂದದ್ದಲ್ಲ ಅದು. ನಾನು ಏನು ಹೇಳಿದರೂ ಹೌದು ಅನ್ನುವುದು ಆಕೆಗೆ ರೂಢಿಯಾಗಿದೆ.

ಮನೆಗೆ ಬಂದು ಇದನ್ನು ಬರೆಯಲು ಕೂತೆ. ಬಾಯಲ್ಲಿ ಹೇಳಿದರೆ ನನ್ನ ನಾಲಿಗೆ ಎಲ್ಲಿ ಯಾವ ಶಬ್ದ ನುಂಗುತ್ತದೋ ನನಗೇ ಭರವಸೆ ಇಲ್ಲ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಅನ್ನುತ್ತಾರೆ, ಮತ್ತೆ ನಾನು ಕೊಯ್ದದ್ದು ನನ್ನ ಮೂಗನ್ನಲ್ಲ.

ಇಂದು ಸಂಜೆ ಮಂಜು ಕೆಲಸ ಮುಗಿಸಿ ಬರುವ ಹೊತ್ತಿಗೆ ಅಕ್ಕನ ಮನೆಗೆ ಹೋಗುತ್ತೇನೆ. ಲೂಸಿಯಾಳಿಗೂ ಅಲ್ಲಿಗೇ ಬಾ ಅಂತ ಹೇಳಿ ಕಳಿಸಿದ್ದೇನೆ. ಅವರಿಬ್ಬರ ಮುಂದೆ, ಅಕ್ಕನ ಎದುರಿಗೇ ಕೂತು ಇದನ್ನು ಮೊದಲಿನಿಂದ ಕೊನೆಯ ತನಕ ಓದುತ್ತೇನೆ. ಮಂಜು ನಂಬುತ್ತಾನೆ, ಸೋಮವಾರದ ಪ್ರಯಾಣ ನಿಲ್ಲಬಹುದು, ಅವನು ಇನ್ನು ಮುಂದೆ ನನ್ನ ಮುಖ ನೋಡಲಿಕ್ಕಿಲ್ಲ. ಅಕ್ಕ ಇಂದು ನಂಬುವುದಿಲ್ಲ, ಅದು ನನಗೆ ಗೊತ್ತು. ನಾಳೆ ಮತ್ತೆ ಹೋಗಿ ಹೇಳುತ್ತೇನೆ. ನಾಡಿದ್ದು ಹೇಳುತ್ತೇನೆ. ಆಕೆ ಒಂದು ದಿನ ನನ್ನ ಮಾತು ನಿಜವೆಂದು ತಿಳಿದು, ಎದ್ದು ನನ್ನ ಕೆನ್ನೆಗೆ ಬಾರಿಸಿ, "ನನ್ನ ಹೊಸ್ತಿಲ ತುಳೀಬ್ಯಾಡ" ಅನ್ನುವ ತನಕ ದಿನವೂ ಹೋಗಿ ಹೇಳುತ್ತೇನೆ.